ಕೊನೆಯ ಬೆಂಚಿಗೂ ಕಾಣುವ ಸ್ಲೈಡು

(ವಿದ್ಯಾರ್ಥಿಗಳ ಒಂದು ದಿನದ ಕಾರ್ಯಾಗಾರದಲ್ಲಿ ಮಾಡಿದ ಭಾಷಣದ ಬರಹ ರೂಪ)



ವಿದ್ಯಾರ್ಥಿಗಳು ಸೆಮಿನಾರಿಗೆ, ಪ್ರಾಜೆಕ್ಟಿಗೆ ಸ್ಲೈಡುಗಳನ್ನು ಹೇಗೆ ತಯಾರಿಸಬೇಕು ಎಂಬುದರ ಬಗ್ಗೆ ನಾನು ಮಾತನಾಡಬೇಕೆಂದು ಸಂಘದವರು ಕೇಳಿದ್ದಾರೆ. ಇದೇನು ಅಷ್ಟು ದೊಡ್ಡ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ಕಂಪ್ಯೂಟರ್ ಬಲ್ಲ ಹುಡುಗನೊಬ್ಬ ಒಂದು ಗಂಟೆಯಲ್ಲಿ ಇಪ್ಪತ್ತು ಸ್ಲೈಡು ಮಾಡಿ ಕೊಡುತ್ತಾನೆ, ಅದಕ್ಕೊಂದು ಉಪನ್ಯಾಸ ಏಕೆ ಎಂದು ಕೇಳಬಹುದು. ಅದಕ್ಕೆ ಮೊದಲು ಉತ್ತರ ಹೇಳಿ ಮುಂದೆ ಹೋಗುತ್ತೇನೆ.

ನಮ್ಮ ಭಾಗಕ್ಕೆ ಸಂವಿಧಾನದ 371ಜೆ ವಿಧಿ ಬಂದಿದೆ. 2012ರ 98ನೇ ತಿದ್ದುಪಡಿಯ ಫಲ ಅದು. ಅದರಿಂದಾಗಿ ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70 ಸೀಟುಗಳು, ರಾಜ್ಯದ ಉಳಿದ ಕಡೆ ನೂರಕ್ಕೆ 8 ಸೀಟುಗಳು ಇಲ್ಲಿಯ ಮಕ್ಕಳಿಗೆ ಮೀಸಲಾಗಿವೆ. ಕಲ್ಲಿನ ಗಣಿಯಲ್ಲಿ ದುಡಿಯುವವರ ಮಕ್ಕಳು, ತೊಗರಿ ಬೆಳೆಯುವವರ ಮಕ್ಕಳು, ಹಮಾಲಿ ಮಾಡುವವರ ಮಕ್ಕಳು ಇಂದು ಎಂಜಿನಿಯರಿಂಗ್, ವೈದ್ಯಕೀಯ, ಫಾರ್ಮಸಿ ಓದುತ್ತಿದ್ದಾರೆ. ಆದರೆ ವಿಧಿಯು ಸೀಟು ಕೊಡುತ್ತದೆ, ತರಗತಿಯ ಮುಂದೆ ನಿಂತು ವಿಷಯ ಹೇಳುವ ಧೈರ್ಯವನ್ನು ಕೊಡುವುದಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿನಿ ಕಾಲೇಜಿನಲ್ಲಿ ಮೊದಲ ಸಲ ಎದ್ದು ನಿಂತು ಇಂಗ್ಲಿಷಿನಲ್ಲಿ ಸೆಮಿನಾರ್ ಕೊಡಬೇಕಾಗುತ್ತದೆ. ಆಗ ಭಯದಿಂದ ಏನು ಮಾಡುತ್ತಾಳೆ? ಪುಸ್ತಕದ ಪ್ಯಾರಾಗಳನ್ನೇ ಸ್ಲೈಡಿಗೆ ಹಾಕಿ, ಸಭಿಕರಿಗೆ ಬೆನ್ನು ತಿರುಗಿಸಿ, ಪರದೆಯನ್ನು ನೋಡುತ್ತಾ ಓದಿಬಿಡುತ್ತಾಳೆ. ಕೇಳುವವರಿಗೆ ಏನೂ ತಿಳಿಯುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ತನಗೆ ವಿಷಯ ಗೊತ್ತಿದೆಯೋ ಇಲ್ಲವೋ ಎಂಬುದು ಅವಳಿಗೇ ತಿಳಿಯುವುದಿಲ್ಲ. ಸ್ಲೈಡು ಅವಳನ್ನು ಬಚ್ಚಿಡುವ ಪರದೆಯಾಗುತ್ತದೆ. ಆ ಬಚ್ಚಿಡುವ ಪರದೆಯನ್ನು ತೋರಿಸುವ ಪರದೆಯನ್ನಾಗಿ ಮಾಡುವುದು ಹೇಗೆ ಎಂಬುದೇ ಇಂದಿನ ನನ್ನ ಮಾತು.

ಸ್ಲೈಡು ಎಲ್ಲಿಂದ ಬಂತು?

ಹಿಂದೆ ಉಪನ್ಯಾಸಕರು ಪಾರದರ್ಶಕ ಹಾಳೆಯ ಮೇಲೆ ಬರೆದು ಓವರ್‌ಹೆಡ್ ಪ್ರೊಜೆಕ್ಟರಿನಲ್ಲಿ ತೋರಿಸುತ್ತಿದ್ದರು. ಆ ಹಾಳೆಗಳನ್ನು ಕಂಪ್ಯೂಟರಿನಲ್ಲಿ ಸುಲಭವಾಗಿ ತಯಾರಿಸಲೆಂದೇ ಅಮೆರಿಕದ ಫೋರ್‌ಥಾಟ್ ಎಂಬ ಸಣ್ಣ ಕಂಪನಿಯಲ್ಲಿ ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನಿಸ್ ಆಸ್ಟಿನ್ ಎಂಬವರು ಪವರ್‌ಪಾಯಿಂಟ್ ತಂತ್ರಾಂಶವನ್ನು ರೂಪಿಸಿದರು. ಅದು 1987ರಲ್ಲಿ ಮ್ಯಾಕಿಂತೋಷ್ ಕಂಪ್ಯೂಟರಿಗಾಗಿ ಬಿಡುಗಡೆಯಾಯಿತು. ಅದೇ ವರ್ಷ ಮೈಕ್ರೋಸಾಫ್ಟ್ ಕಂಪನಿ ಆ ಸಂಸ್ಥೆಯನ್ನು 1 ಕೋಟಿ 40 ಲಕ್ಷ ಡಾಲರಿಗೆ ಕೊಂಡುಕೊಂಡಿತು. 1990ರಲ್ಲಿ ವಿಂಡೋಸ್ ಆವೃತ್ತಿ ಬಂತು. ಇಂದು ಹಣ ಕೊಡದೆಯೇ ಬಳಸಬಹುದಾದ ಲಿಬ್ರೆಆಫೀಸ್ ಇಂಪ್ರೆಸ್, ಗೂಗಲ್ ಸ್ಲೈಡ್ಸ್ ಮುಂತಾದವೂ ಇವೆ. ಯಾವುದನ್ನು ಬಳಸಿದರೂ ಒಂದೇ. ಲೇಖನಿ ಯಾವುದಾದರೇನು, ಬರೆಯುವ ವಿಷಯ ಮುಖ್ಯ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಪಾರದರ್ಶಕ ಹಾಳೆ ದುಬಾರಿಯಾಗಿತ್ತು, ಕೈಯಿಂದ ಬರೆಯಬೇಕಾಗಿತ್ತು. ಹಾಗಾಗಿ ಜನ ಯೋಚಿಸಿ ಬರೆಯುತ್ತಿದ್ದರು. ಕಂಪ್ಯೂಟರಿನಲ್ಲಿ ಸ್ಲೈಡಿಗೆ ಖರ್ಚಿಲ್ಲ. ಖರ್ಚಿಲ್ಲದ ಕಡೆ ಯೋಚನೆಯೂ ಕಡಿಮೆಯಾಯಿತು.

ಒಂದು ಸ್ಲೈಡು, ಏಳು ಜೀವಗಳು

ಕಲ್ಪನಾ ಚಾವ್ಲಾ ಅವರ ಹೆಸರು ನಿಮಗೆಲ್ಲ ಗೊತ್ತು. ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿ, ಚಂಡೀಗಢದಲ್ಲಿ ಎಂಜಿನಿಯರಿಂಗ್ ಓದಿ, ಬಾಹ್ಯಾಕಾಶಕ್ಕೆ ಹೋದವರು. 2003ರ ಜನವರಿ 16ರಂದು ಅವರಿದ್ದ ಕೊಲಂಬಿಯಾ ನೌಕೆ ಮೇಲೇರುವಾಗ ಇಂಧನ ಟ್ಯಾಂಕಿನ ಹೊರಗಿದ್ದ ನೊರೆಯ ಹೊದಿಕೆಯ ತುಂಡೊಂದು ಕಳಚಿ ನೌಕೆಯ ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಬಾಹ್ಯಾಕಾಶದಲ್ಲಿ ಇರುವಾಗಲೇ ಎಂಜಿನಿಯರುಗಳು ಅದರ ಪರಿಣಾಮವನ್ನು ಲೆಕ್ಕ ಹಾಕಿ ನಾಸಾ ಅಧಿಕಾರಿಗಳ ಮುಂದೆ ಸ್ಲೈಡುಗಳಲ್ಲಿ ತೋರಿಸಿದರು.

ಅದರಲ್ಲಿ ಒಂದು ಸ್ಲೈಡು ಮುಂದೆ ಪ್ರಸಿದ್ಧವಾಯಿತು. ಅದರ ಶೀರ್ಷಿಕೆಯನ್ನು ಓದಿದರೆ ಹೆಚ್ಚು ಭಯಪಡಬೇಕಾದದ್ದೇನೂ ಇಲ್ಲ ಎಂಬ ಭಾವನೆ ಬರುತ್ತಿತ್ತು. ಅದರ ಕೆಳಗೆ ಸಾಲುಗಳು, ಉಪಸಾಲುಗಳು, ಉಪಸಾಲುಗಳಿಗೂ ಉಪಸಾಲುಗಳು. ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರಗಳಲ್ಲಿ, ನಿಜವಾದ ಸುದ್ದಿ ಇತ್ತು. ಪ್ರಯೋಗಗಳಲ್ಲಿ ಬಳಸಿದ ನೊರೆಯ ತುಂಡು 3 ಘನ ಅಂಗುಲದ್ದು. ನೌಕೆಗೆ ಬಡಿದದ್ದು ಸುಮಾರು 1920 ಘನ ಅಂಗುಲದ್ದು. ಅಂದರೆ 640 ಪಟ್ಟು ದೊಡ್ಡದು. ಪ್ರಯೋಗದ ಫಲಿತಾಂಶಗಳನ್ನು ಈ ಅಪಘಾತಕ್ಕೆ ಅನ್ವಯಿಸಲು ಬರುವುದಿಲ್ಲ ಎಂಬುದು ಅದರ ಅರ್ಥ. ಆದರೆ ಅದನ್ನು ಓದುವವರ ಕಣ್ಣು ಅಲ್ಲಿಗೆ ತಲುಪುವ ಹೊತ್ತಿಗೆ ದಣಿದಿರುತ್ತದೆ.

ಫೆಬ್ರವರಿ 1ರಂದು ಮರಳಿ ಬರುವಾಗ ನೌಕೆ ಸಿಡಿದು ಏಳು ಮಂದಿಯೂ ತೀರಿಕೊಂಡರು. ಸ್ಲೈಡೇ ಅವರನ್ನು ಕೊಂದಿತು ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳುವುದು ಸರಿಯೂ ಅಲ್ಲ. ದುರಂತಕ್ಕೆ ಹಲವು ಕಾರಣಗಳಿದ್ದವು. ಆದರೆ ಅದೇ ವರ್ಷ ಆಗಸ್ಟಿನಲ್ಲಿ ಬಂದ ತನಿಖಾ ಮಂಡಳಿಯ ವರದಿಯು, ಇಂಥ ಸ್ಲೈಡನ್ನು ಓದಿದ ಹಿರಿಯ ಅಧಿಕಾರಿಗೆ ಇದು ಜೀವನ್ಮರಣದ ಪ್ರಶ್ನೆ ಎಂಬುದೇ ತಿಳಿಯದೆ ಹೋಗಬಹುದು ಎಂದು ಸ್ಪಷ್ಟವಾಗಿ ಗುರುತಿಸಿತು. ಈ ಸ್ಲೈಡನ್ನು ಸಾಲುಸಾಲಾಗಿ ಬಿಡಿಸಿ ತೋರಿಸಿದವರು ಎಡ್ವರ್ಡ್ ಟಫ್ಟಿ ಎಂಬ ವಿದ್ವಾಂಸರು.

ಇದರಿಂದ ನಾವು ಕಲಿಯಬೇಕಾದ ಮೊದಲ ಪಾಠ ಸರಳವಾಗಿದೆ. ಮುಖ್ಯವಾದದ್ದನ್ನು ಮೇಲೆ, ದೊಡ್ಡದಾಗಿ, ಪೂರ್ಣ ವಾಕ್ಯದಲ್ಲಿ ಹೇಳಬೇಕು.

ಕಣ್ಣು ಮತ್ತು ಕಿವಿ

ಸ್ಲೈಡಿನಲ್ಲಿ ತುಂಬ ಬರೆದರೆ ಏಕೆ ತೊಂದರೆ? ಹೆಚ್ಚು ಬರೆದರೆ ಹೆಚ್ಚು ತಿಳಿಯಬೇಕಲ್ಲವೇ?

ಓದುವುದು ಮತ್ತು ಮಾತನ್ನು ಕೇಳುವುದು, ಎರಡೂ ಭಾಷೆಯ ಕೆಲಸಗಳೇ. ನೀವು ಒಂದು ಕಡೆ ಮಾತನಾಡುತ್ತಿದ್ದೀರಿ, ಇನ್ನೊಂದು ಕಡೆ ಪರದೆಯ ಮೇಲೆ ಹತ್ತು ಸಾಲುಗಳಿವೆ. ಕೇಳುಗ ಓದಲು ಹೋದರೆ ನಿಮ್ಮ ಮಾತು ತಪ್ಪುತ್ತದೆ, ಮಾತು ಕೇಳಿದರೆ ಓದು ತಪ್ಪುತ್ತದೆ. ಆದರೆ ಚಿತ್ರ ನೋಡುತ್ತಾ ಮಾತು ಕೇಳುವುದು ಹಾಗಲ್ಲ. ಎರಡೂ ಒಂದಕ್ಕೊಂದು ಜೊತೆಯಾಗುತ್ತವೆ. ಅಮೆರಿಕದ ರಿಚರ್ಡ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಅನೇಕ ಪ್ರಯೋಗಗಳಿಂದ ತೋರಿಸಿದ್ದಾರೆ. ಚಿತ್ರದೊಂದಿಗೆ ಮಾತು ಸೇರಿದರೆ ಕಲಿಕೆ ಚೆನ್ನಾಗಿ ಆಗುತ್ತದೆ. ಅದೇ ಮಾತನ್ನು ಮತ್ತೆ ಪೂರ್ತಿಯಾಗಿ ಪರದೆಯ ಮೇಲೂ ಬರೆದರೆ ಕಲಿಕೆ ಕುಂದುತ್ತದೆ. ವಿಷಯಕ್ಕೆ ಸಂಬಂಧವಿಲ್ಲದ ಅಲಂಕಾರವೂ ಕಲಿಕೆಯನ್ನು ಕುಂದಿಸುತ್ತದೆ.

ಅಲಂಕಾರದ ವಿಷಯ ಬಂತು. ಅಕ್ಷರಗಳು ತಿರುಗುತ್ತಾ ಬರುವುದು, ಪ್ರತಿ ಸ್ಲೈಡಿಗೂ ಚಪ್ಪಾಳೆಯ ಸದ್ದು, ಮೂಲೆಯಲ್ಲಿ ಹಾರಾಡುವ ಚಿಟ್ಟೆ, ಹಿನ್ನೆಲೆಯಲ್ಲಿ ಸೂರ್ಯಾಸ್ತ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಇಂಥದ್ದಕ್ಕೇ ಇರುವುದು. ತೆಗೆದುಹಾಕಿ.

ಶೀರ್ಷಿಕೆ ವಾಕ್ಯವಾಗಲಿ

ಈಗ ನಮ್ಮೂರಿನ ಉದಾಹರಣೆ ತೆಗೆದುಕೊಳ್ಳೋಣ. ನಿಮ್ಮ ಕಾಲ ಕೆಳಗೇ ಇರುವ ವಿಷಯ, ಸುಣ್ಣದ ಕಲ್ಲು. ಶಹಾಬಾದ್ ಫರಸಿ ದೇಶದ ನಾನಾ ಕಡೆಯ ಮನೆಗಳ ನೆಲದಲ್ಲಿದೆ. ವಾಡಿ, ಸೇಡಂ, ಮಳಖೇಡ, ಚಿತ್ತಾಪುರ, ಚಿಂಚೋಳಿ ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ. ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬ 'ಸಿಮೆಂಟ್ ತಯಾರಿಕೆ' ಎಂಬ ವಿಷಯಕ್ಕೆ ಸ್ಲೈಡು ಮಾಡುತ್ತಾನೆ ಎಂದುಕೊಳ್ಳಿ.

ಸಾಮಾನ್ಯವಾಗಿ ಅವನು ಮೇಲೆ 'ಪೀಠಿಕೆ' ಎಂದು ಬರೆಯುತ್ತಾನೆ. ಕೆಳಗೆ ಸುಣ್ಣದ ಕಲ್ಲು ಒಂದು ಪದರು ಶಿಲೆ, ಅದರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ, ಅದನ್ನು ಜೇಡಿಯೊಂದಿಗೆ ಬೆರೆಸುತ್ತಾರೆ, ಗೂಡಿನಲ್ಲಿ ಕಾಯಿಸುತ್ತಾರೆ, ಕ್ಲಿಂಕರ್ ಆಗುತ್ತದೆ, ಜಿಪ್ಸಂ ಸೇರಿಸಿ ಅರೆಯುತ್ತಾರೆ ಎಂದು ಎಂಟು ಸಾಲು. ಎಲ್ಲವೂ ಸರಿಯಾಗಿಯೇ ಇದೆ. ಆದರೆ ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ.

'ಪೀಠಿಕೆ', 'ವಿವರಣೆ', 'ಉಪಸಂಹಾರ' ಎಂಬ ಶೀರ್ಷಿಕೆಗಳು ಖಾಲಿ ಡಬ್ಬಿಯ ಮೇಲಿನ ಚೀಟಿಗಳಂತೆ. ಒಳಗೆ ಏನಿದೆ ಎಂದು ಅವು ಹೇಳುವುದಿಲ್ಲ. ಅದರ ಬದಲು ಶೀರ್ಷಿಕೆಯಲ್ಲೇ ಒಂದು ಪೂರ್ಣ ವಾಕ್ಯ ಬರೆಯಿರಿ: '100 ಕಿಲೋ ಶುದ್ಧ ಸುಣ್ಣದ ಕಲ್ಲನ್ನು ಸುಟ್ಟರೆ ಉಳಿಯುವುದು 56 ಕಿಲೋ ಮಾತ್ರ.' ಕೆಳಗೆ ಒಂದು ಚಿತ್ರ. ಎಡಗಡೆ 100 ಕಿಲೋ ಕಲ್ಲು, ಒಂದು ಬಾಣ, ಬಲಗಡೆ 56 ಕಿಲೋ ಸುಣ್ಣ, ಮೇಲೆ ಹೋಗುವ 44 ಕಿಲೋ ಕಾರ್ಬನ್ ಡೈಆಕ್ಸೈಡ್. ಇಷ್ಟೇ.

ಈ ಸ್ಲೈಡು ತೋರಿಸಿದ ಕೂಡಲೇ ಕುಳಿತವರು ತಾವಾಗಿಯೇ ಪ್ರಶ್ನೆ ಕೇಳುತ್ತಾರೆ. ಉಳಿದ 44 ಕಿಲೋ ಎಲ್ಲಿ ಹೋಯಿತು? ಗಾಳಿಗೆ ಹೋಯಿತು. ಕಲ್ಲಿದ್ದಲಿನ ಹೊಗೆಯ ಲೆಕ್ಕ ಬೇರೆ, ಇದು ಕಲ್ಲಿನ ಒಳಗಿನಿಂದಲೇ ಬಂದದ್ದು. ಅಲ್ಲಿಂದ ಎರಡನೆಯ ಸ್ಲೈಡಿಗೆ ದಾರಿ ತೆರೆಯಿತು: 'ಕ್ಲಿಂಕರ್ ಆಗಲು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು.' ಹೀಗೆ ಒಂದು ಸ್ಲೈಡಿಗೆ ಒಂದು ಮಾತು. ಆ ಎಂಟು ಸಾಲುಗಳನ್ನು ನೀವು ಬಾಯಿಂದ ಹೇಳುತ್ತೀರಿ. ಅದಕ್ಕೇ ನೀವು ಅಲ್ಲಿ ನಿಂತಿರುವುದು.

ಒಂದು ಪರೀಕ್ಷೆ ಹೇಳುತ್ತೇನೆ. ನಿಮ್ಮ ಸ್ಲೈಡುಗಳ ಶೀರ್ಷಿಕೆಗಳನ್ನು ಮಾತ್ರ ಒಂದರ ಕೆಳಗೆ ಒಂದು ಬರೆದು, ವಿಷಯ ಗೊತ್ತಿಲ್ಲದ ತಂಗಿಗೋ ಗೆಳೆಯನಿಗೋ ಓದಲು ಕೊಡಿ. ಕಥೆ ತಿಳಿದರೆ ನಿಮ್ಮ ಪ್ರಸ್ತುತಿ ಸರಿಯಾಗಿದೆ. ತಿಳಿಯದಿದ್ದರೆ ಬಣ್ಣ, ಚಿತ್ರ ಏನು ಹಾಕಿದರೂ ಸರಿಹೋಗುವುದಿಲ್ಲ.

ಹೇಳಲು ಕಷ್ಟವಾದದ್ದನ್ನು ಗೆರೆಯಲ್ಲಿ ತೋರಿಸಿ

ನಮ್ಮ ಐದು ಊರುಗಳು ಎಲ್ಲಿವೆ ಎಂದು ಹೊರಗಿನವರಿಗೆ ಮಾತಿನಲ್ಲಿ ಹೇಳಿ ನೋಡಿ. ವಾಡಿ ಜಂಕ್ಷನ್ ಮುಂಬೈ-ಚೆನ್ನೈ ಮಾರ್ಗದಲ್ಲಿದೆ, ಅಲ್ಲಿಂದ ಸಿಕಂದರಾಬಾದಿಗೆ ಇನ್ನೊಂದು ಮಾರ್ಗ ಒಡೆಯುತ್ತದೆ, ನಿಜಾಮರ ಕಾಲದಲ್ಲಿ 1874ರಲ್ಲಿ ಆರಂಭವಾದ ಆ ಮಾರ್ಗದಲ್ಲಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಬರುತ್ತವೆ, ಶಹಾಬಾದ್ ಮಾತ್ರ ಕಲಬುರಗಿಯ ಕಡೆಗಿದೆ, ಚಿಂಚೋಳಿಗೆ ರೈಲೇ ಇಲ್ಲ. ಕೇಳುವವರಿಗೆ ತಲೆ ಗಿರ್ರೆನ್ನುತ್ತದೆ.

ಅದನ್ನೇ ಮೂರು ಗೆರೆಗಳಲ್ಲಿ ಬರೆಯಿರಿ. ನಡುವೆ ವಾಡಿ ಎಂಬ ಚುಕ್ಕೆ. ಮೇಲೆ ಎಡಕ್ಕೆ ಶಹಾಬಾದ್, ಕಲಬುರಗಿ. ಬಲಕ್ಕೆ ಚಿತ್ತಾಪುರ, ಸೇಡಂ. ಕೆಳಗೆ ಯಾದಗಿರಿ, ರಾಯಚೂರು. ಸೇಡಂನ ಮೇಲೆ, ಗೆರೆಗೆ ಸೇರದ ಒಂಟಿ ಚುಕ್ಕೆಯಾಗಿ ಚಿಂಚೋಳಿ. ಆ ಒಂಟಿ ಚುಕ್ಕೆಯೇ ಎಷ್ಟೋ ಮಾತು ಹೇಳುತ್ತದೆ. ಅಂತರ್ಜಾಲದಿಂದ ಇಳಿಸಿಕೊಂಡ, ನೂರಾರು ಹೆಸರುಗಳಿರುವ ಬಣ್ಣದ ನಕಾಶೆಗಿಂತ ಕೈಯಿಂದ ಎಳೆದ ಈ ಮೂರು ಗೆರೆಗಳು ಮೇಲು.

ಚಿತ್ರ ಬಳಸುವಾಗಲೂ ಇದೇ ಮಾತು. ಭೀಮಾ ತೀರದ ಸನ್ನತಿಯ ಬಗ್ಗೆ ಹೇಳುವುದಾದರೆ, ಹತ್ತಿರದ ಕನಗನಹಳ್ಳಿಯ ಉತ್ಖನನದಲ್ಲಿ ಸಿಕ್ಕ ಶಿಲಾಫಲಕದ ಒಂದೇ ಫೋಟೊವನ್ನು ಪರದೆಯ ತುಂಬ ಹಾಕಿ. ರಾಜ, ರಾಣಿ, ಪರಿಚಾರಕಿಯರು, ಅದರೊಂದಿಗೆ ಬ್ರಾಹ್ಮಿ ಲಿಪಿಯಲ್ಲಿ 'ರಾಯೊ ಅಸೊಕೊ' ಎಂಬ ಎರಡು ಶಬ್ದ. ಆ ಶಬ್ದಗಳಿರುವ ಜಾಗಕ್ಕೆ ಒಂದು ಬಾಣ. ಸಾಮ್ರಾಟ ಅಶೋಕನ ಹೆಸರನ್ನು ಹೊತ್ತ ಅವನ ಶಿಲ್ಪ ನಮ್ಮ ಜಿಲ್ಲೆಯಲ್ಲಿ ಸಿಕ್ಕಿದೆ ಎಂದು ನೀವು ಹೇಳಿ ಎರಡು ಕ್ಷಣ ಸುಮ್ಮನಿರಿ. ಸಭೆ ನೋಡುತ್ತದೆ. ಅದೇ ಸ್ಲೈಡಿನಲ್ಲಿ ಆರು ಸಣ್ಣ ಫೋಟೊಗಳನ್ನು ತುರುಕಿದರೆ ಯಾರೂ ಯಾವುದನ್ನೂ ನೋಡುವುದಿಲ್ಲ. ಫೋಟೊ ಯಾರದು, ಎಲ್ಲಿಂದ ತೆಗೆದುಕೊಂಡಿರಿ ಎಂಬುದನ್ನು ಕೆಳಗೆ ಒಂದು ಸಾಲಿನಲ್ಲಿ ಬರೆಯಲು ಮರೆಯಬೇಡಿ. ಅದು ಪ್ರಾಮಾಣಿಕತೆಯ ಪ್ರಶ್ನೆ.

ಅಂಕಿಗಳು ಸುಳ್ಳು ಹೇಳದಿರಲಿ

2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಮಹಿಳೆಯರ ಸಾಕ್ಷರತೆ ಸುಮಾರು ನೂರಕ್ಕೆ 68. ನಮ್ಮ ಜಿಲ್ಲೆಯಲ್ಲಿ ಸುಮಾರು 55. ಇದನ್ನು ಸ್ಲೈಡಿನಲ್ಲಿ ಹೇಗೆ ತೋರಿಸುತ್ತೀರಿ?

ಎರಡು ಕಂಬಗಳು ಸಾಕು. ಒಂದು 55ರಷ್ಟು ಎತ್ತರ, ಒಂದು 68ರಷ್ಟು ಎತ್ತರ. ಮೇಲೆ ವಾಕ್ಯ: 'ನಮ್ಮ ಜಿಲ್ಲೆಯ ಮಹಿಳಾ ಸಾಕ್ಷರತೆ ರಾಜ್ಯದ ಸರಾಸರಿಗಿಂತ 13 ಅಂಶ ಹಿಂದೆ ಇತ್ತು (2011).' ವರ್ಷ ಬರೆಯಲೇಬೇಕು. ವರ್ಷವಿಲ್ಲದ ಅಂಕಿ ಅಡ್ರೆಸ್ ಇಲ್ಲದ ಪತ್ರವಿದ್ದಂತೆ.

ಈಗ ಒಂದು ಅಪಾಯವನ್ನು ನೋಡಿ. ಕೆಲವು ಸಲ ತಂತ್ರಾಂಶವು ತಾನಾಗಿಯೇ ಕಂಬಗಳನ್ನು ಸೊನ್ನೆಯಿಂದ ಆರಂಭಿಸದೆ 50ರಿಂದ ಆರಂಭಿಸುತ್ತದೆ. ಆಗ 55ರ ಕಂಬ 5ರಷ್ಟು ಎತ್ತರ, 68ರ ಕಂಬ 18ರಷ್ಟು ಎತ್ತರ ಕಾಣುತ್ತದೆ. ನೋಡುವವರಿಗೆ ರಾಜ್ಯ ನಮಗಿಂತ ಮೂರು ಪಟ್ಟಿಗೂ ಹೆಚ್ಚು ಮುಂದಿದೆ ಎನ್ನಿಸುತ್ತದೆ. ಅಂಕಿ ನಿಜ, ಚಿತ್ರ ಸುಳ್ಳು. ನಮ್ಮ ಹಿಂದುಳಿದಿರುವಿಕೆಯನ್ನು ಹೇಳಿಕೊಳ್ಳಲೂ ಸುಳ್ಳಿನ ಸಹಾಯ ಬೇಡ. 13 ಅಂಶದ ಅಂತರವೇ ಸಾಕಷ್ಟು ನೋವಿನದು. ಆದುದರಿಂದ ಕಂಬಗಳ ನಕ್ಷೆ ಯಾವಾಗಲೂ ಸೊನ್ನೆಯಿಂದ ಆರಂಭವಾಗಲಿ. ಮೂರು ಆಯಾಮದ ಉಬ್ಬು ನಕ್ಷೆಗಳನ್ನೂ ಬಳಸಬೇಡಿ. ಅವುಗಳಲ್ಲಿ ಮುಂದೆ ಇರುವ ಭಾಗ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಕನ್ನಡ ಮತ್ತು ಉರ್ದು ಅಕ್ಷರಗಳು

ಇಂಗ್ಲಿಷ್ ಪುಸ್ತಕಗಳಲ್ಲಿ ಇರುವ ನಿಯಮಗಳು ನಮ್ಮ ಲಿಪಿಗಳಿಗೆ ಹಾಗೆಯೇ ಹೊಂದುವುದಿಲ್ಲ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿತದ ಚಿಹ್ನೆಗಳು ಮೇಲೆ ಏರುತ್ತವೆ. ಸಾಲುಗಳನ್ನು ಹತ್ತಿರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಆದ್ದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ. ಉರ್ದುವಿನ ನಸ್ತಾಲೀಖ್ ಲಿಪಿ ಓರೆಯಾಗಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಅದಕ್ಕೆ ಇನ್ನೂ ಹೆಚ್ಚು ಜಾಗ ಬೇಕು. ಉರ್ದು ಸ್ಲೈಡಿನಲ್ಲಿ ಸಾಲು ಬಲದಿಂದ ಆರಂಭವಾಗುವುದರಿಂದ ಬಾಣಗಳನ್ನೂ ಚಿತ್ರಗಳ ಕ್ರಮವನ್ನೂ ಬಲದಿಂದ ಎಡಕ್ಕೆ ಇಡಬೇಕು. ಇಲ್ಲದಿದ್ದರೆ ಕಣ್ಣು ಒಂದು ಕಡೆ, ಬಾಣ ಒಂದು ಕಡೆ ಹೋಗುತ್ತದೆ.

ಕನ್ನಡಕ್ಕೂ ಉರ್ದುವಿಗೂ ಇಂಗ್ಲಿಷಿನಂತೆ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲ. ಒತ್ತು ಕೊಡಬೇಕಾದ ಶಬ್ದವನ್ನು ದಪ್ಪವಾಗಿ ಅಥವಾ ಬೇರೆ ಬಣ್ಣದಲ್ಲಿ ಬರೆಯಿರಿ. ಆದರೆ ಒಂದು ಸ್ಲೈಡಿನಲ್ಲಿ ಒಂದೇ ಕಡೆ. ಎಲ್ಲದಕ್ಕೂ ಒತ್ತು ಕೊಟ್ಟರೆ ಯಾವುದಕ್ಕೂ ಒತ್ತು ಕೊಟ್ಟಂತಾಗುವುದಿಲ್ಲ.

ಇನ್ನು ಫಾಂಟಿನ ತೊಂದರೆ. ಮನೆಯಲ್ಲಿ ಅಥವಾ ಡಿಟಿಪಿ ಅಂಗಡಿಯಲ್ಲಿ ಸುಂದರವಾಗಿ ಕಂಡ ಕನ್ನಡ ಕಾಲೇಜಿನ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುವುದುಂಟು. ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಇಟ್ಟುಕೊಂಡಿರುತ್ತವೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕೆಳಗಿರುವ ಇಂಗ್ಲಿಷ್ ಅಕ್ಷರಗಳೇ ಹೊರಗೆ ಬರುತ್ತವೆ. ಪರಿಹಾರ ಮೂರು. ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿ. ವಿಂಡೋಸ್‌ನಲ್ಲಿರುವ ನಿರ್ಮಲಾ, ತುಂಗಾ, ಉಚಿತವಾಗಿ ಸಿಗುವ ನೋಟೊ ಕನ್ನಡ, ಉರ್ದುವಿಗೆ ನೋಟೊ ನಸ್ತಾಲೀಖ್ ಇವೆಲ್ಲ ಯೂನಿಕೋಡ್ ಫಾಂಟುಗಳೇ. ಎರಡನೆಯದಾಗಿ, ಕಡತದ ಒಂದು ಪಿಡಿಎಫ್ ಪ್ರತಿಯನ್ನು ಪೆನ್ ಡ್ರೈವ್‌ನಲ್ಲೂ ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಮೂರನೆಯದಾಗಿ, ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲು ಹೋಗಿ ಅಲ್ಲಿಯ ಕಂಪ್ಯೂಟರಿನಲ್ಲಿ ತೆರೆದು ನೋಡಿ.

ಗಾತ್ರ, ಬಣ್ಣ, ಬೆಳಕು

ಅಕ್ಷರ ಎಷ್ಟು ದೊಡ್ಡದಿರಬೇಕು? 28ಕ್ಕಿಂತ ಕಡಿಮೆ ಬೇಡ, ಶೀರ್ಷಿಕೆ 36 ಇರಲಿ. ಆದರೆ ಅಂಕಿಗಿಂತ ಒಂದು ಲೆಕ್ಕ ಹೆಚ್ಚು ನಂಬಿಕೆಗೆ ಅರ್ಹ. ನಿಮ್ಮ ತರಗತಿಯ ಪರದೆ 6 ಅಡಿ ಅಗಲ, ಕೊನೆಯ ಬೆಂಚು 36 ಅಡಿ ದೂರ ಎಂದುಕೊಳ್ಳಿ. ಅಂದರೆ ಪರದೆಯ ಅಗಲದ 6 ಪಟ್ಟು ದೂರ. ಲ್ಯಾಪ್‌ಟಾಪಿನ ಪರದೆ ಸುಮಾರು 1 ಅಡಿ ಅಗಲ. ಹಾಗಾದರೆ ಲ್ಯಾಪ್‌ಟಾಪಿನಿಂದ 6 ಅಡಿ ದೂರ ನಿಂತು ನಿಮ್ಮ ಸ್ಲೈಡನ್ನು ಓದಿ. ಲ್ಯಾಪ್‌ಟಾಪ್ ಇಲ್ಲದವರು ಮೊಬೈಲನ್ನು ಅಡ್ಡಲಾಗಿ ನಿಲ್ಲಿಸಿ 3 ಅಡಿ ದೂರದಿಂದ ಓದಿ. ಕಷ್ಟಪಡದೆ ಓದಲು ಬಂದರೆ ಕೊನೆಯ ಬೆಂಚಿನವರಿಗೂ ಕಾಣುತ್ತದೆ. ಆ ಬೆಂಚಿನಲ್ಲಿ ಕನ್ನಡಕ ಬೇಕಾಗಿದ್ದೂ ಇನ್ನೂ ಹಾಕಿಕೊಳ್ಳದ ಹುಡುಗಿ ಕುಳಿತಿರಬಹುದು. ಅವಳನ್ನು ನೆನಪಿಟ್ಟುಕೊಂಡು ಅಕ್ಷರದ ಗಾತ್ರ ನಿರ್ಧರಿಸಿ.

ಬಣ್ಣದ ವಿಷಯದಲ್ಲಿ ಒಂದು ವಿಜ್ಞಾನದ ಮಾತು. ಪ್ರೊಜೆಕ್ಟರ್ ಕಪ್ಪು ಬಣ್ಣವನ್ನು ಬಿಡಲಾರದು. ಅದು ಬೆಳಕನ್ನು ಮಾತ್ರ ಬಿಡುತ್ತದೆ. ಕಪ್ಪು ಎಂದರೆ ಬೆಳಕು ಬೀಳದ ಜಾಗ. ನಮ್ಮ ಕಡೆಯ ಬಿಸಿಲಿನಲ್ಲಿ ಕಿಟಕಿಗಳಿಗೆ ದಪ್ಪ ಪರದೆಯಿಲ್ಲದ ಕೋಣೆಯಲ್ಲಿ ಹೊರಗಿನ ಬೆಳಕು ಆ ಕಪ್ಪಿನ ಮೇಲೆ ಬಿದ್ದು ಅದನ್ನು ಬೂದು ಮಾಡುತ್ತದೆ. ಆದ್ದರಿಂದ ಹಗಲಿನ ತರಗತಿಗೆ ಬಿಳಿ ಹಿನ್ನೆಲೆ, ಕಪ್ಪು ಅಥವಾ ಕಡುನೀಲಿ ಅಕ್ಷರ ಉತ್ತಮ. ಕತ್ತಲಾದ ಸಭಾಂಗಣದಲ್ಲಿ ಕಡು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ನಡೆಯುತ್ತದೆ. ಬಿಳಿಯ ಮೇಲೆ ಹಳದಿ, ನೀಲಿಯ ಮೇಲೆ ಕೆಂಪು ಎಲ್ಲಿಯೂ ಬೇಡ. ಗಂಡಸರಲ್ಲಿ ನೂರಕ್ಕೆ ಕೆಲವರಿಗೆ ಹುಟ್ಟಿನಿಂದಲೇ ಕೆಂಪು ಮತ್ತು ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ. ನಕ್ಷೆಯಲ್ಲಿ ಬರೀ ಬಣ್ಣದಿಂದ ಭೇದ ತೋರಿಸದೆ ಪಕ್ಕದಲ್ಲಿ ಹೆಸರನ್ನೂ ಬರೆಯಿರಿ.

ಯಾವ ಭಾಷೆಯಲ್ಲಿ?

ಇದು ನಮ್ಮ ಮಕ್ಕಳ ದೊಡ್ಡ ಪ್ರಶ್ನೆ. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ಗಡಿಯ ಆಚೆಗೆ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷ್. ಇದನ್ನು ಕೊರತೆ ಎಂದು ಭಾವಿಸಬೇಡಿ.

ಒಂದು ಕ್ರಮವನ್ನು ಅನುಸರಿಸಿ. ಮೊದಲು ವಿಷಯವನ್ನು ಮನೆಯ ಭಾಷೆಯಲ್ಲಿ, ಮನೆಯವರಿಗೆ, ಸ್ಲೈಡಿಲ್ಲದೆ ಹೇಳಿ. ಅಮ್ಮನಿಗೆ ತಿಳಿಯುವಂತೆ ಹೇಳಲು ಬಂದರೆ ನಿಮಗೆ ವಿಷಯ ಗೊತ್ತಿದೆ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಪುಸ್ತಕಕ್ಕೆ ಮರಳಿ ಹೋಗಿ. ಆಮೇಲೆ ಸ್ಲೈಡು ಮಾಡಿ. ಇಂಗ್ಲಿಷಿನಲ್ಲಿ ಹೇಳಬೇಕಾದರೆ ಸಣ್ಣ ವಾಕ್ಯಗಳಲ್ಲಿ ಹೇಳಿ. ಪರದೆಯ ಮೇಲೆ ಚಿತ್ರ ಮತ್ತು ಪಾರಿಭಾಷಿಕ ಶಬ್ದ ಇದ್ದರೆ ಅವೇ ನಿಮಗೆ ನೆನಪು ಕೊಡುತ್ತವೆ. ವ್ಯಾಕರಣ ಅಲ್ಪಸ್ವಲ್ಪ ತಪ್ಪಿದರೆ ಕೇಳುವವರು ಕ್ಷಮಿಸುತ್ತಾರೆ. ಅರ್ಥವಾಗದೆ ಓದಿದ್ದನ್ನು ಯಾರೂ ಕ್ಷಮಿಸುವುದಿಲ್ಲ, ಏಕೆಂದರೆ ಮೊದಲ ಪ್ರಶ್ನೆಗೇ ಅದು ಬಯಲಾಗುತ್ತದೆ.

ಇಂದು ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ವಿಷಯದ ಹೆಸರು ಹೇಳಿದರೆ ನಿಮಿಷದೊಳಗೆ ಹತ್ತು ಸ್ಲೈಡು ಮಾಡಿಕೊಡುತ್ತವೆ. ಬಳಸಬೇಡಿ ಎಂದು ನಾನು ಹೇಳಿದರೆ ಯಾರೂ ಕೇಳುವುದಿಲ್ಲ. ಆದ್ದರಿಂದ ಇಷ್ಟನ್ನು ಹೇಳುತ್ತೇನೆ: ಅದು ಬರೆದ ಪ್ರತಿಯೊಂದು ವರ್ಷ, ಹೆಸರು, ಅಂಕಿಯನ್ನು ಪುಸ್ತಕದಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ನಿಮಗೆ ವಿವರಿಸಲು ಬಾರದ ಒಂದು ಶಬ್ದವೂ ಪರದೆಯ ಮೇಲೆ ಇರಬಾರದು. ಪರೀಕ್ಷಕರು ಪ್ರಶ್ನೆ ಕೇಳುವುದು ನಿಮ್ಮನ್ನು, ಯಂತ್ರವನ್ನಲ್ಲ.

ಅಭ್ಯಾಸ ಮತ್ತು ಕರೆಂಟು

ಹತ್ತು ನಿಮಿಷದ ಮಾತಿಗೆ ಏಳೆಂಟು ಸ್ಲೈಡು ಧಾರಾಳ. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಮೂರು ಸಲ ಹೇಳಿ. ಮನಸ್ಸಿನಲ್ಲೇ ಓದಿಕೊಳ್ಳುವುದು ಅಭ್ಯಾಸವಲ್ಲ. ಹೊಸ ಸ್ಲೈಡು ಬಂದಾಗ ಒಂದು ಕ್ಷಣ ಸುಮ್ಮನಿದ್ದು ಜನ ನೋಡಲು ಬಿಡಿ, ಆಮೇಲೆ ಮಾತು ಆರಂಭಿಸಿ. ಪರದೆಯ ಕಡೆ ತಿರುಗದೆ ಸಭೆಯ ಕಡೆ ಮುಖ ಮಾಡಿ. ಪವರ್‌ಪಾಯಿಂಟಿನಲ್ಲಿ ಕೀಲಿಮಣೆಯ ಬಿ ಅಕ್ಷರವನ್ನು ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಮರಳಿ ಬರುತ್ತದೆ. ಮುಖ್ಯವಾದ ಮಾತನ್ನು ನಿಮ್ಮ ಮುಖ ನೋಡಿಯೇ ಕೇಳಲಿ ಎನ್ನಿಸಿದಾಗ ಅದನ್ನು ಬಳಸಿ.

ಕೊನೆಗೆ, ಕರೆಂಟು ಹೋದರೆ ಏನು? ನಮ್ಮ ಕಡೆ ಈ ಪ್ರಶ್ನೆ ಕೇಳಿಕೊಳ್ಳದೆ ಯಾರೂ ವೇದಿಕೆ ಹತ್ತಬಾರದು. ನಿಮ್ಮ ಪ್ರಸ್ತುತಿಯ ಮುಖ್ಯ ಚಿತ್ರಗಳನ್ನು ಸೀಮೆಸುಣ್ಣದಿಂದ ಕಪ್ಪು ಹಲಗೆಯ ಮೇಲೆ ಬರೆಯಲು ಅಭ್ಯಾಸ ಮಾಡಿಕೊಳ್ಳಿ. ನಾನು ಈಗ ಹೇಳಿದ ಸುಣ್ಣದ ಕಲ್ಲಿನ ಬಾಣ, ವಾಡಿಯ ಮೂರು ಗೆರೆ, ಸಾಕ್ಷರತೆಯ ಎರಡು ಕಂಬ, ಇವು ಮೂರನ್ನೂ ಒಂದೊಂದು ನಿಮಿಷದಲ್ಲಿ ಹಲಗೆಯ ಮೇಲೆ ಬರೆಯಬಹುದು. ಒಳ್ಳೆಯ ಸ್ಲೈಡಿನ ಲಕ್ಷಣವೇ ಅದು. ಹಲಗೆಯ ಮೇಲೆ ಬರೆಯಲಾಗದಷ್ಟು ತೊಡಕಿನ ಸ್ಲೈಡು ಪರದೆಯ ಮೇಲೂ ತೊಡಕಾಗಿಯೇ ಇರುತ್ತದೆ. ಫೋಟೊ ಮಾತ್ರ ಇದಕ್ಕೆ ಹೊರತು, ಅದರ ಒಂದು ದೊಡ್ಡ ಮುದ್ರಿತ ಪ್ರತಿ ಕೈಯಲ್ಲಿರಲಿ.

ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಮಕ್ಕಳ ಸ್ಲೈಡಿಗೆ ಅಂಕ ಕೊಡುವಾಗ ಎಷ್ಟು ಬಣ್ಣ, ಎಷ್ಟು ಸ್ಲೈಡು ಎಂದು ಎಣಿಸಬೇಡಿ. ಅರ್ಧದಲ್ಲಿ ಪ್ರೊಜೆಕ್ಟರ್ ಆರಿಸಿ, 'ಈಗ ಹೇಳು ಮಗಳೇ' ಎನ್ನಿ. ಅವಳು ಹೇಳಿದರೆ ಪೂರ್ತಿ ಅಂಕ ಕೊಡಿ. ಪಾಲಕರಲ್ಲಿಯೂ ಒಂದು ವಿನಂತಿ. ಮಗ ಅಥವಾ ಮಗಳು ಮನೆಯಲ್ಲಿ ಅಭ್ಯಾಸಕ್ಕಾಗಿ ಹತ್ತು ನಿಮಿಷ ಮಾತನಾಡುತ್ತೇನೆ ಎಂದರೆ ಕುಳಿತು ಕೇಳಿ. ನಿಮಗೆ ಓದು ಬಾರದಿರಬಹುದು. ಆದರೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳು ಎಂದು ಕೇಳುವುದಕ್ಕೆ ಓದು ಬೇಕಾಗಿಲ್ಲ. ಮಗುವಿಗೆ ಸಿಗಬಹುದಾದ ಅತ್ಯುತ್ತಮ ಪರೀಕ್ಷಕರು ನೀವೇ.

ವಿದ್ಯಾರ್ಥಿ ಮಿತ್ರರೇ, ಈ ಕಾರ್ಯಾಗಾರದ ಮಧ್ಯಾಹ್ನದ ಅವಧಿಯಲ್ಲಿ ನೀವೆಲ್ಲರೂ ತಲಾ ಒಂದೇ ಒಂದು ಸ್ಲೈಡು ಮಾಡಬೇಕಾಗಿದೆ. ನಿಮ್ಮ ಊರಿನ ಒಂದು ಸಂಗತಿಯನ್ನು ಆರಿಸಿಕೊಳ್ಳಿ. ತೊಗರಿಯಾಗಲಿ, ಕಾಗಿಣಾ ನದಿಯಾಗಲಿ, ಮಳಖೇಡದ ಕೋಟೆಯಾಗಲಿ, ಚಿಂಚೋಳಿಯ ಕಾಡಾಗಲಿ. ಒಂದು ವಾಕ್ಯ, ಒಂದು ಚಿತ್ರ, ಎರಡು ನಿಮಿಷದ ಮಾತು. ಕೊನೆಯ ಬೆಂಚಿನಲ್ಲಿ ನಾನು ಕುಳಿತುಕೊಳ್ಳುತ್ತೇನೆ.